ಮನೆಯ ಪಾಠ, ಮೈದಾನದ ಪಾಠ

ಕಾಯಕವಿಲ್ಲದ ಬದುಕು ಮನುಷ್ಯನಿಗೆ ಶೋಭಿಸುವುದಿಲ್ಲವೆಂದು ಶರಣರು ಬದುಕಿ ತೋರಿಸಿದರು. ಮನುಷ್ಯನೊಡನೆ ಬಾಳುವ ಕೆಲವು ಪ್ರಾಣಿಗಳಿಗೂ ಈ ಮಾತು ಅನ್ವಯಿಸುತ್ತದೆ. ಎತ್ತು ನೊಗಕ್ಕೆ ಹೆಗಲು ಕೊಡುತ್ತದೆ. ನಾಯಿ ಹೊಲ ಕಾಯುತ್ತದೆ, ಕುರಿ ಕಾಯುತ್ತದೆ, ವಾಸನೆ ಹಿಡಿದು ಕಳ್ಳನ ಜಾಡು ತೋರಿಸುತ್ತದೆ. ಈ ಕೆಲಸಗಳನ್ನು ನಾಯಿಗೆ ಎಲ್ಲಿ ಕಲಿಸಬೇಕು? ಮನೆಯ ಅಂಗಳದಲ್ಲೋ, ಹತ್ತು ಜನ ಕೂಡುವ ಸಂಘದ ಮೈದಾನದಲ್ಲೋ? ಇದು ನಾಯಿ ಸಾಕಿದವರಿಗೆ ಮಾತ್ರ ಸಂಬಂಧಪಟ್ಟ ಪ್ರಶ್ನೆಯೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ನಾಯಿ ತಪ್ಪು ಕಲಿತರೆ ಅದರ ಫಲವನ್ನು ಉಣ್ಣುವವರು ಅನೇಕ ವೇಳೆ ಸಾಕಿದವರಲ್ಲ, ಮನೆಯ ಮುಂದೆ ಹಾದುಹೋಗುವ ಬಡವರ ಮಕ್ಕಳು. ಆದ್ದರಿಂದಲೇ ಈ ವಿಷಯವನ್ನು ಕುಟುಂಬಗಳೆಲ್ಲ ಓದುವ ಈ ಪತ್ರಿಕೆಯಲ್ಲಿ ಬರೆಯಲು ಮನಸ್ಸು ಮಾಡಿದ್ದೇನೆ.

ನಾಯಿಯ ವಿಷಯವೇ ಎಂದು ಕೆಲವರು ಹುಬ್ಬೇರಿಸಬಹುದು. ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಿಂದ ವೇದ ಓದಿಸಿದರೆಂಬ ಕಥೆಯನ್ನು ನಾವು ಚಿಕ್ಕಂದಿನಿಂದ ಕೇಳಿ ಬಂದಿದ್ದೇವೆ. ಅದನ್ನು ಪವಾಡವೆಂದು ನಂಬುವವರು ನಂಬಲಿ, ಕುಲದ ಹಮ್ಮು ಮುರಿಯುವ ದೃಷ್ಟಾಂತವೆಂದು ತಿಳಿಯುವವರು ಹಾಗೆ ತಿಳಿಯಲಿ. ಯಾವ ಜೀವವನ್ನೂ ಕೀಳೆಂದು ತಳ್ಳಬಾರದು, ಕಲಿಸುವವನಿದ್ದರೆ ಕಲಿಯದ ಜೀವವಿಲ್ಲ ಎಂಬ ಅರ್ಥವಂತೂ ಅದರಲ್ಲಿ ಇದ್ದೇ ಇದೆ.

ಮುಧೋಳದ ಹಳೆಯ ಪದ್ಧತಿ

ನಾನು ಮುಧೋಳ ತಾಲೂಕಿನವನು. ಪ್ರೌಢಶಾಲೆಯ ಶಿಕ್ಷಕನಾಗಿದ್ದು ನಿವೃತ್ತನಾದವನು. ನಮ್ಮ ಸೀಮೆಯ ಹೆಸರು ಹೊರಗಿನವರಿಗೆ ತಿಳಿದಿರುವುದು ಕವಿ ಚಕ್ರವರ್ತಿ ರನ್ನನಿಂದ, ಇಲ್ಲವೆ ನೀಳ ಕಾಲಿನ, ಬಡನಡುವಿನ ಮುಧೋಳ ನಾಯಿಯಿಂದ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಈ ತಳಿಯನ್ನು ಬೆಳೆಸಿದರು. ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರೆಂದು ಹಿರಿಯರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆಯು ಈ ನಾಯಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ತಿಮ್ಮಾಪುರದಲ್ಲಿ ಬೀದರದ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ.

ನಮ್ಮ ಬಾಲ್ಯದಲ್ಲಿ ಈ ನಾಯಿಗಳಿಗೆ ಪಾಠವಾಗುತ್ತಿದ್ದುದು ಮನೆಯಲ್ಲಿ ಮತ್ತು ಹೊಲದಲ್ಲಿ. ಊರಿನ ಬೇಟೆಗಾರ ಮನೆತನದವರು ಮರಿಯನ್ನು ಅನುಭವಿ ನಾಯಿಯ ಜೊತೆಗೆ ಬಿಡುತ್ತಿದ್ದರು. ಹಿರಿಯ ನಾಯಿ ಓಡಿದಂತೆ ಮರಿ ಓಡುತ್ತಿತ್ತು, ಅದು ನಿಂತಲ್ಲಿ ತಾನೂ ನಿಲ್ಲುತ್ತಿತ್ತು. ಮುಧೋಳ ನಾಯಿ ವಾಸನೆಗಿಂತ ಹೆಚ್ಚಾಗಿ ಕಣ್ಣನ್ನು ನಂಬುವ ಪ್ರಾಣಿ. ದೂರದಲ್ಲಿ ಒಂದು ಮೊಲ ಕದಲಿದರೂ ಅದರ ಇಡೀ ಮೈ ಬಿಲ್ಲಿನಂತೆ ಬಿಗಿಯುತ್ತದೆ. ಅದಕ್ಕೆ ಅಟ್ಟುವುದನ್ನು ಕಲಿಸಬೇಕಾಗಿಲ್ಲ, ಅಟ್ಟಿದ್ದನ್ನು ಬಿಟ್ಟು ಹಿಂದಿರುಗುವುದನ್ನು ಮಾತ್ರ ಕಲಿಸಬೇಕು. ಅದನ್ನು ಅಂದಿನವರು ಒಂದು ಶಿಳ್ಳೆಯಿಂದ, ಒಂದು ಬೊಗಸೆ ಜೋಳದ ಗಂಜಿಯಿಂದ ಕಲಿಸಿದರು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು, ಬೇಟೆ ಅಪರಾಧವಾಯಿತು. ಅದು ಆಗಲೇಬೇಕಾಗಿದ್ದ ಒಳ್ಳೆಯ ಕೆಲಸ. ಆದರೆ ಅದರೊಂದಿಗೆ ನಾಯಿಯ ಕಾಯಕವೂ, ಕಾಯಕದ ಜೊತೆಗಿದ್ದ ಪಾಠವೂ ಹೋದವು. ಓಡುವುದಕ್ಕೆಂದೇ ಹುಟ್ಟಿದ ಪ್ರಾಣಿ ಎಷ್ಟೋ ಮನೆಗಳಲ್ಲಿ ಸರಪಳಿಗೆ ಬಂತು. ಮರಿ ಮಾರುವುದು ಒಂದು ಉದ್ಯೋಗವಾಯಿತು, ಮರಿಗೆ ಕಲಿಸುವುದು ಯಾರ ಉದ್ಯೋಗವೂ ಆಗಲಿಲ್ಲ. 2016ರಲ್ಲಿ ಸೇನೆಯವರು ಮುಧೋಳದ ಮರಿಗಳನ್ನು ಮೀರತ್ತಿನ ತಮ್ಮ ಕೇಂದ್ರಕ್ಕೆ ಒಯ್ದು ತರಬೇತಿಗೆ ಹಚ್ಚಿದಾಗ ನಮಗೆಲ್ಲ ಸಂತೋಷವಾಯಿತು. ಆದರೆ ಊರಿನಲ್ಲೇ ಉಳಿದ ನಾಯಿಗಳ ಮಾತೇನು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಜರ್ಮನಿಯ ಸಂಘದಲ್ಲಿ ಕಂಡದ್ದು

ಈ ಪ್ರಶ್ನೆಗೆ ಬೇರೊಂದು ನಾಡಿನವರು ಕಂಡುಕೊಂಡ ಉತ್ತರವನ್ನು 2023ರ ಬೇಸಿಗೆಯಲ್ಲಿ ನೋಡುವ ಅವಕಾಶ ನನಗೊದಗಿತು. ಮಗಳು, ಅಳಿಯ ದಕ್ಷಿಣ ಜರ್ಮನಿಯಲ್ಲಿದ್ದಾರೆ. ಅವರ ನೆರೆಮನೆಯಲ್ಲಿ ನಿವೃತ್ತ ರೈಲ್ವೆ ನೌಕರರೊಬ್ಬರು ಜರ್ಮನ್ ಶೆಫರ್ಡ್ ನಾಯಿಯನ್ನು ಸಾಕಿದ್ದರು. ವಾರಕ್ಕೆರಡು ಸಲ ಅದನ್ನು ಊರ ಹೊರಗಿನ ಸಂಘದ ಮೈದಾನಕ್ಕೆ ಕರೆದೊಯ್ಯುತ್ತಿದ್ದರು. ನನ್ನ ಕುತೂಹಲವನ್ನು ಕಂಡು ನನ್ನನ್ನೂ ಕರೆದರು. ಮಗಳು ದುಭಾಷಿಯಾಗಿ ಬಂದಳು. ಆರು ಶನಿವಾರಗಳನ್ನು ನಾನು ಆ ಮೈದಾನದ ಬೇಲಿಯ ಪಕ್ಕದ ಬೆಂಚಿನ ಮೇಲೆ ಕಳೆದೆ.

ಆ ತಳಿಯ ಕಥೆ ನಮ್ಮ ಮುಧೋಳ ನಾಯಿಯ ಕಥೆಯನ್ನು ಹೋಲುತ್ತದೆ. ಅದು ಮೂಲತಃ ಕುರಿಗಾರರ ನಾಯಿ. ಅಲ್ಲಿ ಹೊಲಗಳಿಗೆ ಬೇಲಿಯಿಲ್ಲದ ಕಡೆಗಳಲ್ಲಿ ಕುರಿಹಿಂಡಿಗೂ ಪೈರಿಗೂ ನಡುವಿನ ಗೆರೆಯ ಮೇಲೆ ದಿನವಿಡೀ ಓಡಾಡುತ್ತ, ತಾನೇ ಜೀವಂತ ಬೇಲಿಯಾಗಿ ದುಡಿಯುತ್ತಿತ್ತು. ಮಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಅಶ್ವದಳದ ಅಧಿಕಾರಿ 1899ರಲ್ಲಿ ಅಂಥದೊಂದು ನಾಯಿಯನ್ನು ಕೊಂಡು, ಹೊರಾಂಡ್ ಎಂದು ಹೆಸರಿಟ್ಟು, ಅದೇ ವರ್ಷ ತಳಿಯ ಸಂಘವನ್ನು ಸ್ಥಾಪಿಸಿದನು. ಈಗ ಅದರ ಮುಖ್ಯ ಕಚೇರಿ ಆಗ್ಸ್‌ಬರ್ಗ್ ನಗರದಲ್ಲಿದೆ. ಕಾರ್ಖಾನೆಗಳು ಬೆಳೆದು ಕುರಿಹಿಂಡುಗಳು ಕರಗತೊಡಗಿದಾಗ ನಾಯಿಗೆ ಕೆಲಸ ಹೋಗುವ ಹೊತ್ತು ಬಂತು. ಆಗ ಆತ ಪೊಲೀಸ್ ಮತ್ತು ಸೈನ್ಯದ ಕೆಲಸಗಳತ್ತ ಅದನ್ನು ತಿರುಗಿಸಿದನು. ಊರೂರಿಗೆ ಸಂಘದ ಶಾಖೆಗಳು ಹುಟ್ಟಿ, ಹೊಲ ಕಳೆದುಕೊಂಡ ನಾಯಿಗೆ ಸಂಘದ ಮೈದಾನವೇ ಹೊಲವಾಯಿತು. ನಮ್ಮಲ್ಲಿ ಆಗದೆ ಹೋದದ್ದು ಇದೇ.

ಅಲ್ಲಿಯ ಪರೀಕ್ಷೆಗೆ ಬಹುಕಾಲ ಶುಟ್ಸ್‌ಹುಂಡ್ ಎಂಬ ಹೆಸರಿತ್ತು. ಶುಟ್ಸ್‌ಹುಂಡ್ ಎಂದರೆ ರಕ್ಷಣೆಯ ನಾಯಿ. 2019ರಿಂದ ಅದನ್ನು ಐಜಿಪಿ ಎನ್ನುತ್ತಾರೆ. ಜಾಡು ಹಿಡಿಯುವುದು, ಆಜ್ಞೆ ಪಾಲಿಸುವುದು, ರಕ್ಷಣೆ ಎಂದು ಮೂರು ಭಾಗಗಳು. ಒಂದೊಂದಕ್ಕೆ 100 ಅಂಕ. ಪ್ರತಿಯೊಂದರಲ್ಲೂ 70 ಬಂದರೆ ಮಾತ್ರ ತೇರ್ಗಡೆ. ಒಂದರಲ್ಲಿ ನೂರು ತೆಗೆದುಕೊಂಡು ಇನ್ನೊಂದರಲ್ಲಿ ಸೋತರೆ ಆಗದು. ಮೂರನೆಯ ಹಂತದಲ್ಲಿ, ಅಪರಿಚಿತನೊಬ್ಬ ಗಂಟೆಯ ಹಿಂದೆ ನಡೆದುಹೋದ 600 ಹೆಜ್ಜೆಗಳ ಜಾಡನ್ನು ನಾಯಿ ಮೂಗು ನೆಲಕ್ಕಿಟ್ಟು ಹುಡುಕಬೇಕು.

ಆದರೆ ಈ ಮೂರಕ್ಕಿಂತ ಮೊದಲು ಇನ್ನೊಂದು ಪರೀಕ್ಷೆಯಿದೆ ಎಂಬುದು ನನ್ನ ಮನಸ್ಸಿನಲ್ಲಿ ನಿಂತಿತು. ಅದು ಜೊತೆಗಾರ ನಾಯಿಯ ಪರೀಕ್ಷೆ. ಹದಿನೈದು ತಿಂಗಳು ತುಂಬಿದ ನಾಯಿ ಜನರ ಗುಂಪಿನ ನಡುವೆ ಶಾಂತವಾಗಿ ನಡೆಯಬೇಕು. ಬೀದಿಯಲ್ಲಿ ಸೈಕಲ್ ಸವಾರನನ್ನು, ಓಡುವವನನ್ನು ಕಂಡು ಕೆರಳಬಾರದು. ಒಡೆಯ ಕಟ್ಟಿಹಾಕಿ ಮರೆಯಾದಾಗ ಇನ್ನೊಂದು ನಾಯಿ ಹಾದುಹೋದರೂ ಸುಮ್ಮನಿರಬೇಕು. ಮೊದಲ ಸಲ ಬಂದ ಒಡೆಯನಂತೂ ತಾನೇ ಲಿಖಿತ ಪರೀಕ್ಷೆಯೊಂದನ್ನು ಬರೆಯಬೇಕು! ಇದರಲ್ಲಿ ತೇರ್ಗಡೆಯಾಗದ ನಾಯಿಗೆ ರಕ್ಷಣೆಯ ಪರೀಕ್ಷೆಯ ಬಾಗಿಲು ತೆರೆಯುವುದಿಲ್ಲ. ಮೊದಲು ಸಜ್ಜನಿಕೆ, ಆಮೇಲೆ ಶೌರ್ಯ.

ರಕ್ಷಣೆಯ ಪಾಠವನ್ನು ನೋಡುವಾಗ ಮೊದಲ ದಿನ ನನ್ನ ಎದೆ ಡವಗುಟ್ಟಿದ್ದುಂಟು. ಮೈದಾನದಲ್ಲಿ ಆರು ಮರೆಗಳನ್ನು ನಿಲ್ಲಿಸಿರುತ್ತಾರೆ. ಒಂದರ ಹಿಂದೆ, ತೋಳಿಗೆ ಸೆಣಬಿನ ಹೊದಿಕೆಯ ದಪ್ಪ ಕವಚ ತೊಟ್ಟ ಸಹಾಯಕನೊಬ್ಬ ಅಡಗಿರುತ್ತಾನೆ. ನಾಯಿ ಒಂದೊಂದೇ ಮರೆಯನ್ನು ಸುತ್ತಿ ಅವನನ್ನು ಕಂಡುಹಿಡಿಯುತ್ತದೆ. ಈಗ ಕಚ್ಚುತ್ತದೆ ಎಂದು ನಾನು ಉಸಿರು ಬಿಗಿಹಿಡಿದೆ. ಅದು ಕಚ್ಚಲಿಲ್ಲ. ಆತ ಕದಲದೆ ನಿಂತಿದ್ದ. ನಾಯಿ ಅವನೆದುರು ನಿಂತು ಬೊಗಳಿತೇ ಹೊರತು ಮುಟ್ಟಲಿಲ್ಲ. ಸುಮ್ಮನೆ ನಿಂತವನನ್ನು ಮುಟ್ಟಿದರೆ ಅಂಕ ಹೋಗುತ್ತದೆ. ಆತ ಓಡಿದಾಗ, ಇಲ್ಲವೆ ಮೈಮೇಲೆ ಬಂದಾಗ ಮಾತ್ರ ತೋಳಿನ ಕವಚವನ್ನು ಹಿಡಿಯಬೇಕು. ಆತ ಹೋರಾಟ ನಿಲ್ಲಿಸಿ ಒಡೆಯ ಒಂದು ಮಾತು ಹೇಳಿದೊಡನೆ ಬಿಡಬೇಕು.

“ಕಚ್ಚುವುದನ್ನು ಒಂದು ತಿಂಗಳಲ್ಲಿ ಯಾರಾದರೂ ಕಲಿಸಬಹುದು. ಬಿಡುವುದನ್ನು ಕಲಿಸಲು ವರ್ಷಗಳು ಬೇಕು, ಹತ್ತು ಜೋಡಿ ಕಣ್ಣುಗಳು ಬೇಕು” ಎಂದರು ಆ ಹಿರಿಯರು. ಹತ್ತು ಜೋಡಿ ಕಣ್ಣು ಏಕೆಂದು ಕೇಳಿದೆ. ತನ್ನ ನಾಯಿಯ ತಪ್ಪು ತನಗೆ ಕಾಣುವುದಿಲ್ಲ, ಪ್ರೀತಿ ಕಣ್ಣಿಗೆ ಅಡ್ಡ ಬರುತ್ತದೆ. ಬೇಲಿಯ ಪಕ್ಕ ನಿಂತ ಗೆಳೆಯನಿಗೆ ಕಾಣುತ್ತದೆ ಎಂದರು. ನನಗೆ ಥಟ್ಟನೆ ಅನುಭವ ಮಂಟಪದ ನೆನಪಾಯಿತು. ಸಾಧಕನು ತನ್ನ ಅನುಭಾವವನ್ನು ಒಬ್ಬನೇ ಕುಳಿತು ಅಳೆದುಕೊಳ್ಳಲಿಲ್ಲ. ಶರಣರ ಸಭೆಯಲ್ಲಿ ಇಟ್ಟನು, ಪ್ರಶ್ನೆಗಳನ್ನು ಎದುರಿಸಿದನು. ನಾಯಿಯ ಪಾಠವನ್ನು ಅದಕ್ಕೆ ಸರಿಗಟ್ಟುವ ಉದ್ದೇಶ ನನ್ನದಲ್ಲ. ತನ್ನ ತೂಕವನ್ನು ತಾನೇ ನೋಡಿಕೊಳ್ಳುವ ತಕ್ಕಡಿ ಎಲ್ಲಿಯೂ ಇಲ್ಲವೆಂಬುದಷ್ಟೇ ನನ್ನ ಮಾತು.

ಸಂಘಕ್ಕೆ ಸಾಧ್ಯವಿಲ್ಲದ್ದು

ಹಾಗೆಂದು ಸಂಘವೇ ಸಕಲವೂ ಅಲ್ಲ. ಆ ಮೈದಾನಕ್ಕೆ ಬರುತ್ತಿದ್ದ ತರುಣನೊಬ್ಬನ ನಾಯಿ ಅಲ್ಲಿ ಚಿತ್ರದ ಗೊಂಬೆಯಂತೆ ಆಜ್ಞೆ ಪಾಲಿಸುತ್ತಿತ್ತು. ಗೇಟು ದಾಟಿದ ಕ್ಷಣವೇ ಅವನನ್ನು ದರದರನೆ ಎಳೆದುಕೊಂಡು ಹೋಗುತ್ತಿತ್ತು. ವಾರದಲ್ಲಿ ನಾಲ್ಕು ಗಂಟೆ ಮೈದಾನ, ಉಳಿದ ಹೊತ್ತೆಲ್ಲ ಮನೆ. ಆ ಮನೆಯಲ್ಲಿ ಯಾವ ನಿಯಮವೂ ಇರಲಿಲ್ಲ. ನಾಯಿಗೆ ಮೈದಾನವೇ ಒಂದು ಲೋಕ, ಮನೆಯೇ ಇನ್ನೊಂದು ಲೋಕ. ಮಠದಲ್ಲಿ ಕೈಮುಗಿದು, ಮನೆಯಲ್ಲಿ ಹೆಂಡತಿ ಮಕ್ಕಳ ಮೇಲೆ ಹರಿಹಾಯುವ ಭಕ್ತನಂತೆ!

ನಮ್ಮ ನೆರೆಮನೆಯ ಹಿರಿಯರ ಪದ್ಧತಿ ಬೇರೆ. ಬೆಳಿಗ್ಗೆ ಬಾಗಿಲು ತೆರೆಯುವ ಮುನ್ನ ನಾಯಿ ಕುಳಿತುಕೊಳ್ಳಬೇಕು. ಊಟದ ಬಟ್ಟಲನ್ನು ನೆಲಕ್ಕಿಟ್ಟರೂ ಮಾತು ಬರುವವರೆಗೆ ಕಾಯಬೇಕು. ರಸ್ತೆ ದಾಟುವಾಗ ನಿಲ್ಲಬೇಕು. ಒಂದೊಂದಕ್ಕೂ ಅರ್ಧ ನಿಮಿಷ ಸಾಲದೆ ಹೋಗದು. ಆದರೆ ಒಂದು ದಿನವೂ ತಪ್ಪದು. ಇದನ್ನು ಯಾವ ಸಂಘವೂ ಮಾಡಿಕೊಡಲಾರದು. ಇಷ್ಟಲಿಂಗ ಪೂಜೆಯನ್ನು ಹಬ್ಬದ ದಿನ ಮಠದಲ್ಲಿ ಮಾಡಿ ಬಂದರೆ ಸಾಕೇ? ನಿತ್ಯವೂ ಮನೆಯಲ್ಲಿ ನಡೆದಾಗಲೇ ಅದು ಆಚಾರವಾಗುವುದು.

ಅಲ್ಲಿಯ ಕಾನೂನೂ ಮನೆಯವರನ್ನು ಬಿಟ್ಟಿಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ನಿಯಮದಂತೆ ನಾಯಿಯನ್ನು ಹೊರಗೆ ಬಯಲಿನಲ್ಲಿ ಸಾಕಷ್ಟು ಓಡಾಡಿಸಬೇಕು. ತರಬೇತಿಯಲ್ಲಿ ಮುಳ್ಳಿನ ಕೊರಳಪಟ್ಟಿ ನಿಷಿದ್ಧ. ವಿದ್ಯುತ್ ಆಘಾತ ಕೊಡುವ ಪಟ್ಟಿಯನ್ನು ಅಲ್ಲಿಯ ಉಚ್ಚ ನ್ಯಾಯಪೀಠವೊಂದು 2006ರಲ್ಲೇ ತಳ್ಳಿಹಾಕಿತು. ನೂರು ವರ್ಷಗಳ ಹಿಂದೆ ಕಠಿಣ ದಂಡನೆಗೆ ಹೆಸರಾಗಿದ್ದ ನಾಡು ಕ್ರಮೇಣ ದಯೆಯ ದಾರಿಗೆ ಬಂದಿದೆ. ದಯೆಯನ್ನು ಧರ್ಮದ ಬುಡವೆಂದು ತಿಳಿದ ನಾವು ಇದನ್ನು ಗಮನಿಸಬೇಕು.

ಘಟಪ್ರಭೆಯ ದಂಡೆಯಲ್ಲಿ

ನಾನು ಹಿಂದಿರುಗಿದ ವರ್ಷವೇ ನಮ್ಮ ಬೀಗರ ತೋಟದ ಮನೆಯಲ್ಲಿ ಒಂದು ಪ್ರಸಂಗ ನಡೆಯಿತು. ಘಟಪ್ರಭೆಯ ದಂಡೆಯ ಮೇಲೆ ಅವರ ಕಬ್ಬಿನ ತೋಟವಿದೆ. ಪಂಪ್‌ಸೆಟ್ಟಿನ ಕಳವು ಹೆಚ್ಚಾಯಿತೆಂದು ಜರ್ಮನ್ ಶೆಫರ್ಡ್ ಮರಿಯೊಂದನ್ನು ತಂದು ಬೆಳೆಸಿದ್ದರು. ಮನೆಗೇ ಬಂದು ಕಾವಲು ಕಲಿಸುತ್ತೇನೆಂದು ಒಬ್ಬ ತರಬೇತಿಗಾರ ಹಣ ಪಡೆದು ಮೂರು ತಿಂಗಳು ಬಂದು ಹೋದನು. ಅವನ ಪಾಠವೆಂದರೆ ನಾಯಿಯನ್ನು ಸರಪಳಿಗೆ ಕಟ್ಟುವುದು, ಕೈಗೆ ಗೋಣಿಚೀಲ ಸುತ್ತಿಕೊಂಡು ಕೋಲಿನಿಂದ ಕೆಣಕುವುದು, ಕಚ್ಚಿದಾಗ ಭೇಷ್ ಎನ್ನುವುದು. ನಾಯಿ ಬಲು ಚುರುಕಾಯಿತೆಂದು ಮನೆಯವರು ಹಿಗ್ಗಿದರು.

ಕಬ್ಬು ಕಡಿಯುವ ಸುಗ್ಗಿಯಲ್ಲಿ ಕೂಲಿಕಾರರ ಟೋಳಿ ಬಂದು ತೋಟದ ಪಕ್ಕ ಗುಡಿಸಲು ಹಾಕಿತ್ತು. ಒಂದು ಸಂಜೆ ಏಳು ವರ್ಷದ ಹುಡುಗನೊಬ್ಬ ಹಳೆಯ ಟೈರು ಉರುಳಿಸುತ್ತ ಗೇಟಿನ ಮುಂದೆ ಓಡಿದನು. ನಾಯಿ ಬಿಚ್ಚಿತ್ತು. ಅದು ಹೋಗಿ ಹುಡುಗನ ಬಲ ಮುಂಗೈ ಹಿಡಿಯಿತು. ಮನೆಯವರು ಕೂಗಿದರು, ಹೊಡೆದರು. ಹೊಡೆದಷ್ಟೂ ಅದರ ದವಡೆ ಬಿಗಿಯಾಯಿತು. ಕೊನೆಗೆ ತಲೆಯ ಮೇಲೆ ಕಂಬಳಿ ಹಾಕಿ ಬಿಡಿಸಿದರು. ಪುಣ್ಯಕ್ಕೆ ಬೀಗಿತಿಯವರು ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಸಿ, ಆ ರಾತ್ರಿಯೇ ಆಸ್ಪತ್ರೆಗೆ ಕಳಿಸಿದರು. ನಾಯಿ ಕಚ್ಚಿದಾಗ ಅರಿಸಿನ, ಸುಣ್ಣ ಮೆತ್ತದೆ ಮಾಡಬೇಕಾದದ್ದು ಇದೇ. ರೇಬಿಸ್ ಲಸಿಕೆಯ ಒಂದು ಸರದಿಯನ್ನೂ ತಪ್ಪಿಸಬಾರದು. ವೆಚ್ಚವನ್ನೆಲ್ಲ ಬೀಗರೇ ಭರಿಸಿದರು. ಆದರೆ ಪೆನ್ಸಿಲ್ ಹಿಡಿಯುವ ಆ ಕೈಯ ಎರಡು ಬೆರಳುಗಳಿಗೆ ಬಹುದಿನ ಬಿಗಿ ಬರಲಿಲ್ಲ.

ಮರುದಿನ ನಾನು ಹೋದಾಗ ಬೀಗರ ಹಿರಿಯ ಮಗ ನಾಯಿಯ ಮುಂದೆ ತಲೆಗೆ ಕೈಹೊತ್ತು ಕುಳಿತಿದ್ದನು. “ಮಾವಾರ, ಇದು ಕಚ್ಚೂದು ಕಲತೈತಿ, ಬಿಡೂದು ಕಲತಿಲ್ಲ” ಎಂದನು. ಜರ್ಮನಿಯ ಆ ಹಿರಿಯರು ಹೇಳಿದ್ದನ್ನೇ ಇವನು ಇಷ್ಟು ಬೆಲೆ ತೆತ್ತು ಕಂಡುಕೊಂಡಿದ್ದನು.

ನಾಯಿಯನ್ನು ಕೊಂದುಬಿಡಿರೆಂದು ಕೆಲವರೆಂದರು. ಬೀಗರು ಒಪ್ಪಲಿಲ್ಲ. ಕಲಿಸಿದ್ದನ್ನು ಮಾಡಿದ ಪ್ರಾಣಿಯನ್ನು ಕೊಂದರೆ ಕಲಿಸಿದ ಪಾಪ ತೊಳೆದೀತೆ ಎಂದರು. ಪಶುವೈದ್ಯರ ಸಲಹೆಯಂತೆ ಎತ್ತರದ ಬೇಲಿಯ ಆವರಣ ಕಟ್ಟಿಸಿ, ಹೊರಗೆ ತರುವಾಗಲೆಲ್ಲ ಮುಖಕ್ಕೆ ಬುಟ್ಟಿ ಹಾಕತೊಡಗಿದರು. ಕೆಣಕುವ ಪಾಠ ಅಂದಿಗೇ ನಿಂತಿತು. ಮಗ ದಿನವೂ ಬಟ್ಟೆಯ ಉಂಡೆ ಹಿಡಿಸಿ ಬಿಡಿಸುವ ಆಟವನ್ನು ತಾಳ್ಮೆಯಿಂದ ಆಡಿಸಿದನು. ಬಿಟ್ಟರೆ ಮತ್ತೆ ಸಿಗುತ್ತದೆ ಎಂಬ ನಂಬಿಕೆ ಬಂದಮೇಲೆ ನಾಯಿ ಬಿಡತೊಡಗಿತು. ಆದರೂ ಮಕ್ಕಳು ಸುಳಿಯುವ ಕಡೆ ಅದನ್ನು ಇಂದಿಗೂ ಬಿಚ್ಚುವುದಿಲ್ಲ.

ಈ ಪ್ರಸಂಗದಿಂದ ನನಗೆ ಸ್ಪಷ್ಟವಾದುದಿಷ್ಟು. ಮನೆಯಲ್ಲಿ ಎಲ್ಲವೂ ಇದೆ: ಪ್ರೀತಿಯಿದೆ, ಸಮಯವಿದೆ, ಅನ್ನವಿದೆ. ಅಪರಿಚಿತನೊಬ್ಬನು ಮಾತ್ರ ಇಲ್ಲ. ಅಪರಿಚಿತರ ನಡುವೆ ಹೇಗಿರಬೇಕೆಂಬುದನ್ನು ಅಪರಿಚಿತರಿಲ್ಲದ ಕಡೆ ಕಲಿಸುವುದು ಹೇಗೆ? ಹಣ ಪಡೆದು ಕೆಣಕಲು ಬಂದವನು ಆ ಕೊರತೆಯನ್ನು ತುಂಬಲಿಲ್ಲ. ಹೊರಗಿನವನೆಂದರೆ ಶತ್ರು ಎಂಬ ಒಂದೇ ಪಾಠವನ್ನು ಕಲಿಸಿ ಹೋದನು.

ಭಾನುವಾರದ ಕೂಟ

2024ರ ಬೇಸಿಗೆಯಲ್ಲಿ ನಾವು ಏಳೆಂಟು ಮನೆಯವರು ಸೇರಿ, ಊರ ಮಠದ ಪೂಜ್ಯರ ಅಪ್ಪಣೆ ಪಡೆದು, ಮಠದ ಹಿಂದಿನ ಬಯಲಿನಲ್ಲಿ ಭಾನುವಾರ ಬೆಳಗಿನ ಕೂಟವನ್ನು ಆರಂಭಿಸಿದೆವು. ಅದಕ್ಕೆ ಹೆಸರಿಲ್ಲ, ಚಂದಾ ಇಲ್ಲ. ಪಶುವೈದ್ಯರು ಬಿಡುವಾದಾಗ ಬರುತ್ತಾರೆ. ಲಸಿಕೆಯಾಗದ ನಾಯಿಗೆ ಪ್ರವೇಶವಿಲ್ಲ. ಕಚ್ಚುವ ಪಾಠ ಅಲ್ಲಿ ಇಲ್ಲವೇ ಇಲ್ಲ. ಅದನ್ನು ಅರಿತು ಕಲಿಸುವವರು ನಮ್ಮಲ್ಲಿಲ್ಲ, ನಮ್ಮ ತೋಟಗಳಿಗೆ ಅದು ಬೇಕಾಗಿಯೂ ಇಲ್ಲ. ಬೊಗಳಿ ಎಚ್ಚರಿಸುವ ನಾಯಿಯೇ ರೈತನಿಗೆ ಸಾಕು.

ಕಲಿಸುವುದು ನಾಲ್ಕೇ ವಿಷಯ: ಕರೆದರೆ ಬರುವುದು, ಹೇಳಿದಲ್ಲಿ ನಿಲ್ಲುವುದು, ಬಾಯಲ್ಲಿದ್ದುದನ್ನು ಬಿಡುವುದು, ಜನರ ನಡುವೆ ಸುಮ್ಮನಿರುವುದು. ಮನೆಯಲ್ಲಿ ಎಲ್ಲವನ್ನೂ ಬಲ್ಲ ನಾಯಿ ಬಯಲಿಗೆ ಬಂದ ಮೊದಲ ದಿನ ಏನನ್ನೂ ಅರಿಯದಂತೆ ವರ್ತಿಸುತ್ತದೆ. ಅದು ಅವಿಧೇಯತೆಯಲ್ಲ. ಅಂಗಳದಲ್ಲಿ ಕಲಿತ ಮಾತಿಗೆ ಬಯಲಿನಲ್ಲೂ ಅದೇ ಅರ್ಥವೆಂದು ಅದಕ್ಕೆ ಇನ್ನೂ ತಿಳಿದಿಲ್ಲ. ಮುಧೋಳ ನಾಯಿಗೆ ಮೂವತ್ತು ಅಡಿಯ ಹಗ್ಗ ಕಟ್ಟಿಯೇ ಕರೆಯುವುದನ್ನು ಕಲಿಸುತ್ತೇವೆ. ಅದರ ಕಣ್ಣು ದೂರದ ಮೇಕೆಯ ಮೇಲೆ ನೆಟ್ಟಮೇಲೆ ಕರೆದು ಫಲವಿಲ್ಲ, ನೆಡುವ ಮುನ್ನವೇ ಕರೆಯಬೇಕು. ಇದನ್ನು ಒಬ್ಬರ ನಾಯಿ ನೋಡಿ ಇನ್ನೊಬ್ಬರು ಕಲಿತೆವು. ಪ್ರತಿಯೊಬ್ಬರೂ ಮನೆಗೆ ಹೋಗುವಾಗ ಒಂದು ಪಾಠ ಒಯ್ಯಬೇಕು. ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ.

ಬಹುಮಾನಕ್ಕೆ ಅಲ್ಲಿಯವರು ಮಾಂಸದ ತುಣುಕು ಕೊಡುತ್ತಾರೆ. ನಮ್ಮ ಶಾಕಾಹಾರದ ಮನೆಗಳಲ್ಲಿ ಏನು ಮಾಡಬೇಕೆಂದು ಅಕ್ಕತಂಗಿಯರು ಕೇಳಿದ್ದುಂಟು. ಕಟಕ ರೊಟ್ಟಿಯ ಚೂರು, ಪನೀರಿನ ಚೂರು ಸಾಕು. ಎಷ್ಟೋ ನಾಯಿಗಳಿಗೆ ಬಟ್ಟೆಯ ಉಂಡೆಯ ಆಟವೇ ಎಲ್ಲಕ್ಕಿಂತ ದೊಡ್ಡ ಬಹುಮಾನ. ಆದರೆ ನಮ್ಮ ಸೀಮೆಯಲ್ಲಿ ಮನೆಮನೆಯಲ್ಲಿರುವ ಒಣದ್ರಾಕ್ಷಿಯನ್ನು ಎಂದೂ ಕೊಡಕೂಡದು. ದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಈರುಳ್ಳಿ, ಚಾಕೊಲೇಟ್ ಸಹ ಆಗದು.

ಮರುಸುಗ್ಗಿಗೆ ಆ ಕೂಲಿಕಾರರ ಟೋಳಿ ಮತ್ತೆ ಬಂತು. ಒಂದು ಭಾನುವಾರ ಆ ಹುಡುಗ ಬಯಲಿನ ಅಂಚಿನ ಬೇವಿನ ಮರದ ಮರೆಯಲ್ಲಿ ನಿಂತಿದ್ದನು. “ಕಟ್ಟೀರೇನ್ರಿ?” ಎಂದು ಅಲ್ಲಿಂದಲೇ ಕೇಳಿದನು. ಬೀಗರ ನಾಯಿಯನ್ನು ಆ ಕೂಟಕ್ಕೆ ತರುವುದೇ ಇಲ್ಲ, ಇಲ್ಲಿರುವವೆಲ್ಲ ಹಗ್ಗದಲ್ಲಿವೆ ಎಂದು ಹೇಳಿದೆವು. ಆತ ಹತ್ತಿರ ಬರಲಿಲ್ಲ. ಬಾ ಎಂದು ನಾವೂ ಒತ್ತಾಯಿಸಲಿಲ್ಲ. ಭಯಪಡಲು ಅವನಿಗೆ ಹಕ್ಕಿದೆ. ಆ ಭಯಕ್ಕೆ ಮತ್ತೊಂದು ಕಾರಣ ಸಿಗದಂತೆ ನೋಡಿಕೊಳ್ಳುವುದು ನಮ್ಮ ಹೊಣೆ.

ನಾಯಿ ಸಾಕುವ ಶರಣಬಂಧುಗಳಲ್ಲಿ ನನ್ನ ಅರಿಕೆಯಿಷ್ಟೇ. ಪ್ರೀತಿ, ನಿಯಮ, ನಿತ್ಯದ ಅಭ್ಯಾಸ ಇವು ಮನೆಯಲ್ಲಿ ನಡೆಯಲಿ. ಇವನ್ನು ಹಣ ಕೊಟ್ಟು ಯಾರಿಂದಲೂ ಮಾಡಿಸಲಾಗದು. ಜನರ ನಡುವಿನ ನಡತೆಯನ್ನು ನಾಲ್ಕು ಜನ ಕೂಡಿ, ನಾಲ್ವರ ಕಣ್ಣೆದುರು ಕಲಿಸಿರಿ. ಹತ್ತಿರ ಸಂಘವಿದ್ದರೆ ಸೇರಿರಿ, ಇಲ್ಲದಿದ್ದರೆ ನೆರೆಹೊರೆಯವರೊಡನೆ ಕೂಡಿಕೊಳ್ಳಿರಿ. ಮನೆಯಲ್ಲಿ ಕಚ್ಚುವುದನ್ನು ಕಲಿಸುತ್ತೇನೆಂದು ಯಾರಾದರೂ ಬಂದರೆ, ಬಿಡುವುದನ್ನು ಮೊದಲು ಕಲಿಸಿ ತೋರಿಸೆಂದು ಕೇಳಿರಿ. ಅವನು ಉತ್ತರ ಕೊಡದೆ ನಿಂತರೆ ಶರಣು ಹೇಳಿ ಕಳಿಸಿಕೊಡಿರಿ.